ಜಾಲಿಗೆ ಕಾಡೆಂದು ಬರೆದ ವರ್ಷ

ಹೋದ ತಿಂಗಳು ನಮ್ಮ ಕಾಲೇಜಿನ ಭೂಗೋಳದ ವಿದ್ಯಾರ್ಥಿಗಳನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಇಳಕಲ್ಲಿನ ಕಡೆ ಹೊರಟ ಬಸ್ಸು ಗುಡೂರು ಇನ್ನೂ ಸ್ವಲ್ಪ ದೂರವಿರುವಾಗ ನಿಧಾನವಾಯಿತು. ರಸ್ತೆಯ ಬದಿಗೆ ಎರಡು ಜೆಸಿಬಿಗಳು ಬಳ್ಳಾರಿ ಜಾಲಿಯನ್ನು ಬೇರುಸಮೇತ ಕಿತ್ತು ಒಟ್ಟುತ್ತಿದ್ದವು. ಒಟ್ಟಿದ್ದಕ್ಕೆ ಬೆಂಕಿ ಹಚ್ಚಿದ್ದರು. ಹಸಿ ಜಾಲಿ ಸುಡುವ ವಾಸನೆ ಒಮ್ಮೆ ಗಂಟಲಿನಲ್ಲಿ ಕೂತರೆ ಇಳಿಯುವುದಿಲ್ಲ. ಅದರಲ್ಲಿ ಸಿಹಿಯೂ ಇದೆ, ಒಗರೂ ಇದೆ. ಮಕ್ಕಳು ಕೆಮ್ಮುತ್ತ ಕಿಟಕಿ ಎಳೆದುಕೊಂಡರು. ಒಬ್ಬ ಹುಡುಗಿ ಮಾತ್ರ ಗಾಜಿನೊಳಗಿಂದಲೇ ಅಲ್ಲಿನ ಫಲಕ ಓದಿದಳು: 'ಬಳ್ಳಾರಿ ಜಾಲಿ ನಿರ್ಮೂಲನೆ ಹಾಗೂ ಹುಲ್ಲುಗಾವಲು ಪುನಶ್ಚೇತನ.' ಕೆಳಗೆ ತಜ್ಞ ಸಲಹೆಗಾರರ ಹೆಸರಿತ್ತು. ಅದು ನನ್ನ ಪಿಎಚ್‌ಡಿ ಗೈಡ್ ಹೆಸರು.

ನಾನು ನಕ್ಕುಬಿಟ್ಟೆ. ಚೆನ್ನಾಗಿ ಕೇಳಿಸುವ ಹಾಗೆಯೇ ನಕ್ಕಿರಬೇಕು.

"ಯಾಕ್ರಿ ಮೇಡಂ, ನಗಾಕತ್ತೀರಿ?" ಎಂದಳು ಹುಡುಗಿ.

"ಅವರು ನನಗ ಗೊತ್ತಿದ್ದವರವಾ," ಎಂದೆ.

ಗೊತ್ತಿರುವುದು ಅಂದರೆ ಅಷ್ಟಿಷ್ಟಲ್ಲ. ಹುಲ್ಲುಗಾವಲು ಅನ್ನುವುದೊಂದು ಇದೆ ಎಂದೇ ಒಪ್ಪದಿದ್ದ ಮನುಷ್ಯ ಅವರು. ಇದೇ ಜಾಗದಲ್ಲಿ, ಇದೇ ಜಾಲಿಯನ್ನು ಕಾಡು ಎಂದು ನಕ್ಷೆಯಲ್ಲಿ ಬರೆಸಿದ್ದರು. ಬರೆದವಳು ನಾನು. ಆ ವರ್ಷವನ್ನು ನೆನೆದರೆ ನನಗೆ ಅವರ ಮೇಲೆ ಹೇಸಿಕೆ ಬರುತ್ತದೆ. ನನ್ನ ಮೇಲೆ ಬರುವುದು ಇನ್ನೊಂದು ತೂಕ ಹೆಚ್ಚು.

ಆಗ ನನಗೆ ಇಪ್ಪತ್ತೊಂಬತ್ತು. ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಕರೆದರೂ ಸ್ಟಾಫ್ ರೂಮಿನಲ್ಲಿ ನನಗೊಂದು ಸ್ವಂತ ಕುರ್ಚಿ ಇರಲಿಲ್ಲ. ಯಾರಾದರೂ ರಜೆ ಹಾಕಿದ ದಿನ ಅವರ ಕುರ್ಚಿ ಸಿಗುತ್ತಿತ್ತು. ಪಿಎಚ್‌ಡಿ ಆದರೆ ಕಾಯಂ ಆಗಬಹುದು ಎಂಬ ಒಂದೇ ಆಸೆಯಲ್ಲಿ ಗೈಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಅವರ ಬ್ಯಾಗು ಹೊತ್ತೆ, ಅವರ ಭಾಷಣಗಳನ್ನು ಬರೆದುಕೊಟ್ಟೆ, ಅವರ ಮಗಳ ಕಾಲೇಜಿನ ಪ್ರಾಜೆಕ್ಟಿಗೂ ಚಿತ್ರ ಬಿಡಿಸಿದೆ. ವಿಷಯವನ್ನೂ ಅವರೇ ಕೊಟ್ಟರು: ಬಾದಾಮಿ ಮತ್ತು ಹುನಗುಂದದ ನಡುವಿನ ಗುಡ್ಡಗಳಲ್ಲಿ ಮುಳ್ಳುಕುರುಚಲಿನ ವಿಸ್ತಾರ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದು. ಹಳೆಯ ಭೂಪಟದ ಮೇಲೆ ಉಪಗ್ರಹದ ಚಿತ್ರಗಳನ್ನು ಹೊಂದಿಸಬೇಕು, ಆಮೇಲೆ ನೆಲಕ್ಕೆ ಹೋಗಿ ಚಿತ್ರ ಹೇಳುವುದು ನಿಜವೋ ಅಲ್ಲವೋ ಎಂದು ನೋಡಿಕೊಂಡು ಬರಬೇಕು. ಅದಕ್ಕೆ ಅವರು 'ಗ್ರೌಂಡ್ ಟ್ರೂತ್' ಅನ್ನುತ್ತಿದ್ದರು. ಆ ಮಾತನ್ನು ಬಾಯಲ್ಲಿ ಪೇಡೆ ಇಟ್ಟುಕೊಂಡವರ ಹಾಗೆ ಉಚ್ಚರಿಸುತ್ತಿದ್ದರು.

ಹಸಿರು ಹೆಚ್ಚಿಸುವ ಒಂದು ಯೋಜನೆಯ ಕಚೇರಿಯವರಿಗೆ ಅದೇ ನಕ್ಷೆ ಬೇಕಾಗಿತ್ತು. ನನ್ನ ಪ್ರಬಂಧ, ಅವರ ವರದಿ, ಎರಡೂ ಒಂದೇ ಕೆಲಸದಲ್ಲಿ ಆಗುತ್ತವೆ ಎಂದು ಗೈಡ್ ಹೇಳಿದ್ದರು.

ಆಗಸ್ಟ್ ನಡುವೆ, ಆಶ್ಲೇಷ ಮಳೆ ಮುಗಿದು ಮಘೆ ಹಿಡಿಯುವ ಹೊತ್ತಿಗೆ ಹೊರಟೆವು. ಗೈಡ್ ಬಂದದ್ದು ಮೊದಲ ದಿನ ಮಾತ್ರ. ಬಾದಾಮಿಯಲ್ಲಿ ತಿಂಡಿ ತಿಂದು, ಕಪ್ಪು ಕನ್ನಡಕ ಹಾಕಿಕೊಂಡು, ಜೀಪಿನ ಕಿಟಕಿಯಿಂದ ಗುಡ್ಡಕ್ಕೆ ಬೆರಳು ತೋರಿಸಿ, "ನೋಡಮ್ಮ, ಎಷ್ಟು ಹಸಿರಾಗಿದೆ," ಎಂದರು. ಅವರು ಹುಟ್ಟಿದ್ದು ಹುನಗುಂದದ ಸಮೀಪದ ಹಳ್ಳಿಯಲ್ಲೇ. ಪ್ರೊಫೆಸರ್ ಆದಮೇಲೆ ಮನೆಯವರೊಂದಿಗೂ ಪುಸ್ತಕದ ಕನ್ನಡವನ್ನೇ ಮಾತಾಡುತ್ತಿದ್ದರಂತೆ. ಆ ದಿನ ಅವರು ಕೆಳಗೆ ಕಾಲಿಡಲಿಲ್ಲ. ಮಳೆಯಾಗಿದೆ, ಬೂಟಿಗೆ ಕೆಸರಾಗುತ್ತದೆ ಎಂದರು. ಅಲ್ಲಿಯದು ಕೆಂಪು ಕಲ್ಲಿನ ನೆಲ, ಎಷ್ಟು ಮಳೆ ಬಿದ್ದರೂ ಗಳಿಗೆಯೊಳಗೆ ಒಣಗುತ್ತದೆ. ಅದು ಅವರಿಗೆ ಮರೆತುಹೋಗಿತ್ತೋ, ಬೇಡವಾಗಿತ್ತೋ.

ಮರುದಿನದಿಂದ ನಾನೊಬ್ಬಳೇ ಬಸ್ಸು ಹಿಡಿದು ಗುಡೂರಿಗೆ ಹೋಗುತ್ತಿದ್ದೆ. ಕಂಪ್ಯೂಟರು ಗುರುತು ಮಾಡಿಕೊಟ್ಟ ಬಿಂದುಗಳನ್ನು ಮೊಬೈಲಿನಲ್ಲಿ ನೋಡುತ್ತ ನಡೆಯುವುದು, ಬಿಂದು ಸಿಕ್ಕ ಕಡೆ ನಿಂತು ಕಾಲಕೆಳಗೆ ಏನಿದೆ ಎಂದು ಬರೆಯುವುದು, ಇಷ್ಟೇ ಕೆಲಸ. ಮೊದಲ ವಾರವೆಲ್ಲ ಜಾಲಿಯೊಳಗೆ ಸಿಕ್ಕಿ ದುಪಟ್ಟಾ ಹರಿದುಕೊಂಡೆ. ಹಳ್ಳದ ಗುಂಟ ಅದು ಗೋಡೆ ಕಟ್ಟಿದಂತೆ ನಿಂತಿತ್ತು. ಒಳಗೆ ಹುಲ್ಲಿನ ಎಳೆಯೂ ಇಲ್ಲ, ಹಕ್ಕಿಯ ಸದ್ದೂ ಇಲ್ಲ. ಬರಿಯ ಮುಳ್ಳು, ಕೆಳಗೆ ಕಪ್ಪಗಿನ ಒಣಗಿದ ಕಾಯಿ.

ಎಂಟನೆಯ ದಿನ ಜಾಲಿ ದಾಟಿ ಮೇಲೆ ಹತ್ತಿದೆ. ಅಲ್ಲಿ ಗುಡ್ಡದ ನೆತ್ತಿ ಪೂರ್ತಿ ತೆರೆದುಕೊಂಡಿತ್ತು. ಮೊಣಕಾಲೆತ್ತರದ ಹುಲ್ಲು ಗಾಳಿಗೆ ಒಂದೇ ಕಡೆ ಬಾಗಿ ಏಳುತ್ತಿತ್ತು. ನಡುನಡುವೆ ಬಾರಿ ಗಿಡ, ಕವಳಿ ಪೊದೆ, ಹಳದಿ ಹೂವಿನ ತಂಗಡಿ. ನಾನು ಮೊಬೈಲು ಹಿಡಿದು ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಾಗ ಬೆನ್ನ ಹಿಂದೆ ಒಂದು ಹೆಣ್ಣಿನ ದನಿ ಕೇಳಿತು.

"ಏನ ಕಳಕೊಂಡೀಯವಾ?"

ಹಣೆಗೆ ದೊಡ್ಡ ಕುಂಕುಮ, ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು. ಅರವತ್ತರ ಹತ್ತಿರದ ಹೆಂಗಸು. ಹಿಂದೆ ಕುರಿಗಳು.

"ಏನೂ ಕಳಕೊಂಡಿಲ್ರಿ. ಪಾಯಿಂಟ್ ಹುಡಕಾಕತ್ತೇನಿ."

"ಅದು ಆಡೇನ, ಕುರಿಯೇನ?"

ಅವಳೇ ದ್ಯಾಮವ್ವ. ಗಂಡ ದೊಡ್ಡ ಹಿಂಡು ಹೊಡೆದುಕೊಂಡು ನದಿಯ ಕಡೆ ಹೋದರೆ, ಮರಿ ಹಾಕಿದ ಕುರಿಗಳನ್ನು ಇವಳು ಗುಡ್ಡದ ಮೇಲೆ ಮೇಯಿಸುತ್ತಿದ್ದಳು. ನನ್ನ ಕೆಲಸವನ್ನು ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು, "ಅಂದ್ರ ಎಲ್ಲಿ ಏನೈತಿ ಅಂತ ಬರಕೊಳ್ಳೂದು. ಕೇಳಿದ್ರ ನಾನ ಹೇಳತಿದ್ನಲ್ಲವಾ, ಅದಕ್ಯಾಕ ಮುಗಲಿಗೆ ಹೋಗಿ ಫೋಟೋ ತಗದಾರ?" ಎಂದಳು.

ಅಂದಿನಿಂದ ಎರಡು ತಿಂಗಳು ಅವಳ ಜೊತೆ ನಡೆದೆ. ನನಗೆ ಆ ತನಕ ಹುಲ್ಲು ಅಂದರೆ ಹುಲ್ಲು. ಅವಳಿಗೆ ಕರಡ ಬೇರೆ, ಕರಕಿ ಬೇರೆ. ಮರಿ ಹಾಕಿದ ಕುರಿಗೆ ಹಾಲು ಇಳಿಸುವ ಹುಲ್ಲು ಬೇರೆ, ಬೇಸಿಗೆಯ ತನಕ ಒಣಗಿ ನಿಂತು ಹೊಟ್ಟೆ ತುಂಬಿಸುವ ಹುಲ್ಲು ಬೇರೆ. ಎಲ್ಲಿ ಗೌಜಲ ಹಕ್ಕಿ ಮೊಟ್ಟೆ ಇಡುತ್ತದೆ, ತೋಳ ಯಾವ ಕಲ್ಲಿನ ಸಂದಿಯಲ್ಲಿ ಮರಿ ಹಾಕುತ್ತದೆ, ಎಲ್ಲ ಗೊತ್ತು. ತೋಳ ಅವಳ ಕುರಿಯನ್ನೇ ಒಯ್ಯುತ್ತದೆ. ಆದರೂ ಅದರ ಬಗ್ಗೆ ಸಿಟ್ಟಿನಿಂದ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಸಿಟ್ಟೆಲ್ಲ ಜಾಲಿಯ ಮೇಲೆ.

"ನಾ ಮದವಿ ಆಗಿ ಬಂದಾಗ ಈ ಜಾಲಿ ಕೆರಿ ದಂಡಿಗಷ್ಟ ಇತ್ತು," ಎಂದು ಒಂದು ದಿನ ಹೇಳಿದಳು. "ಹಟ್ಟಿ ಮುಂದ ನಿಂತ್ರ ಗುಡ್ಡದ ಮ್ಯಾಲಿನ ನಾಯಿ ಕಾಣತಿತ್ತು. ಆಮ್ಯಾಲ ಹಳ್ಳ ಹಿಡದು ಬಂತು. ನಮ್ಮ ಕುರಿನ ಅದರ ಕಾಯಿ ತಿಂದು, ಹಿಕ್ಕಿ ಹಾಕಿ, ಎಲ್ಲಾ ಕಡೆ ಬಿತ್ತಿದ್ವು. ನಮಗೇನ ಗೊತ್ತವಾ? ಸರಕಾರದವರು ಹಚ್ಚಿದ್ದು, ಚಲೋದ ಇರಬೇಕು ಅಂತ ಸುಮ್ಮನಿದ್ವಿ."

ಕೆಳಗೆ ಹಳ್ಳದಲ್ಲಿ ಮೌಲಾಸಾಬ ಅದೇ ಜಾಲಿ ಕಡಿದು, ಮಣ್ಣು ಮುಚ್ಚಿ, ಇದ್ದಲಿ ಸುಡುತ್ತಿದ್ದ. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ದ್ಯಾಮವ್ವನಿಗೂ ಅವನಿಗೂ ದಿನಾ ಜಗಳ. ಅವಳು ಜಾಲಿಯನ್ನು ಬೈಯುವುದು, ಇವನು ಅದರ ಪರವಾಗಿ ವಾದಿಸುವುದು.

"ನಿನಗ ಮುಳ್ಳು, ನನಗ ಅನ್ನ," ಅನ್ನುತ್ತಿದ್ದ ಮೌಲಾಸಾಬ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಖರೆ ಹೇಳಬೇಕಂದ್ರ ಅಕ್ಕಾರ, ಆಕಿ ಹೇಳೂದೂ ಬರೋಬರಿ ಐತ್ರಿ. ನಮ್ಮಪ್ಪ ಕೆರಿ ದಂಡಿಗೆ ಕಡದ. ನಾ ಗುಡ್ಡದ ಬುಡಕ ಬಂದು ನಿಂತೇನಿ. ಕಡದ ಕಡೆ ಒಂದಿದ್ದದ್ದು ನಾಕ ಚಿಗಿತಾವು. ಬೇರು ಕೀಳಾಕ ನನ್ನ ಒಬ್ಬನ ಕೈಲೆ ಆಗೂದಿಲ್ಲ," ಎಂದ.

ಇವರಿಬ್ಬರೂ ಹೇಳಿದ್ದನ್ನು ಹಳೆಯ ಪಟದ ಮೇಲೆ ಗುರುತು ಹಾಕುತ್ತ ಹೋದೆ. ಆಶ್ಚರ್ಯವೆಂದರೆ ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಹಳೆಯ ಪಟದಲ್ಲಿ ಗುಡ್ಡವಿಡೀ ಹುಲ್ಲು, ಅಲ್ಲಲ್ಲಿ ಚದುರಿದ ಪೊದೆ. ನಾನು ಹುಟ್ಟಿದ ಕಾಲದ ಚಿತ್ರದಲ್ಲಿ ಕೆರೆಯ ಸುತ್ತ ಮತ್ತು ಹಳ್ಳದ ಗುಂಟ ಕಪ್ಪು ಚುಕ್ಕೆಗಳು. ಈಗಿನದರಲ್ಲಿ ಆ ಚುಕ್ಕೆಗಳೆಲ್ಲ ಕೂಡಿ ಗುಡ್ಡದ ಸೊಂಟದವರೆಗೆ ಏರಿದ್ದವು. ಹುಲ್ಲು ಉಳಿದದ್ದು ದ್ಯಾಮವ್ವನ ಕುರಿ ಮೇಯುವ ನೆತ್ತಿಯಲ್ಲಿ ಮಾತ್ರ. ಜಾಲಿಗೆ ಕಡು ಹಸಿರು, ಹಳೆಯ ನಾಟಿ ಪೊದೆಗಳಿಗೆ ತಿಳಿ ಹಸಿರು, ಹುಲ್ಲಿಗೆ ಹಳದಿ ಹಾಕಿ ಮೂರು ಕಾಲಕ್ಕೆ ಮೂರು ಹಾಳೆ ತಯಾರು ಮಾಡಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಪ್ರಾಮಾಣಿಕ ಕೆಲಸ ಅದು. ಅದರ ಆಯಸ್ಸು ಮೂರು ದಿನ.

ಗೈಡ್ ತಮ್ಮ ಕೋಣೆಯಲ್ಲಿ ಹಾಳೆಗಳನ್ನು ನೋಡಿದರು. ಓದಲಿಲ್ಲ, ನೋಡಿದರು.

"ಇಷ್ಟೊಂದು ಬಣ್ಣ ಯಾಕಮ್ಮ? ಎರಡು ಸಾಕು. ಹಸಿರು ಇರುವುದೆಲ್ಲ ಕಾಡು. ಹಳದಿ ಬಂಜರು."

"ಸರ್, ಹಳದಿ ಇರೂದು ಹುಲ್ಲುಗಾವಲ್ರಿ. ಹಸಿರು ಇರೂದು ಜಾಲಿ. ಅದು ಕಾಡಲ್ರಿ."

"ಉಪಗ್ರಹಕ್ಕೆ ಜಾಲಿ, ತೇಗ ಎಂದು ಭೇದ ಗೊತ್ತಿದೆಯೇ?"

"ಅದಕ್ಕ ನಾ ನಡದು ನೋಡಿ ಬಂದೇನ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ನೀನು ನಡೆದದ್ದು ಬಹಳ ಒಳ್ಳೆಯದು. ಆರೋಗ್ಯಕ್ಕೆ ಒಳ್ಳೆಯದು. ಆದರೆ ಹತ್ತು ವರ್ಷದಿಂದ ಇಲ್ಲಿ ಹಸಿರು ಹೆಚ್ಚಿಸುವ ಕೆಲಸ ನಡೆದಿದೆ. ಕಾಡು ಹೆಚ್ಚಾಗಿಲ್ಲ, ಮುಳ್ಳು ಹೆಚ್ಚಾಗಿದೆ ಎಂದು ನಾವು ಬರೆದರೆ ಆ ವರದಿ ಯಾರಿಗೆ ಬೇಕು? ನಿನ್ನ ಪ್ರಬಂಧಕ್ಕೆ ಸಹಿ ಯಾರು ಹಾಕಬೇಕು, ಅದನ್ನೂ ಯೋಚಿಸು."

ಯೋಚಿಸಲು ನನಗೆ ಒಂದು ಸಂಜೆ ಕೂಡ ಬೇಕಾಗಲಿಲ್ಲ. ಅಲ್ಲೇ ಅವರ ಎದುರಿನ ಕಂಪ್ಯೂಟರಿಗೆ ಕೂತು ಮೂರು ಬಣ್ಣವನ್ನು ಎರಡು ಮಾಡಿದೆ. ಅವರು ಚಹಾ ತರಿಸಿದರು. ಕುಡಿದೆ.

ದೀಪಾವಳಿಗೆ ಮೊದಲು ಗುಡೂರಿನಲ್ಲಿ ಊರವರ ಸಭೆ ಕರೆದರು. ಯೋಜನೆಯ ಅಧಿಕಾರಿಯೊಬ್ಬರು ಬಂದಿದ್ದರು. ಪಾಪ, ಹೊಸಬರು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಫೋಟೋ ತೆಗೆಯುವವನೂ ಇದ್ದ. ಗೈಡ್ ಹೊಸ ಬೂಟು ಹಾಕಿಕೊಂಡು ಬಂದು, ಪರದೆಯ ಮೇಲೆ ನಕ್ಷೆ ತೋರಿಸಿ, ನಿಮ್ಮ ಊರಿನಲ್ಲಿ ಕಾಡು ಬೆಳೆದಿದೆ, ನೀವು ಪುಣ್ಯವಂತರು ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ಯಾವಾಗಲೂ ತಟ್ಟುತ್ತಾರೆ.

ಹಿಂದಿನಿಂದ ಮೌಲಾಸಾಬ ಎದ್ದು ನಿಂತ. "ಸಾಹೇಬ್ರ, ನೀವು ಕಾಡು ಅಂತ ತೋರಿಸಾಕತ್ತೀರಲ್ಲ, ಅದನ್ನ ನಾ ಮೂರು ಸಲ ಕಡದು ಸುಟ್ಟೇನ್ರಿ. ಅದು ಜಾಲಿ."

ಜನ ನಕ್ಕರು. ಗೈಡ್ ನಗಲಿಲ್ಲ. "ಇನ್ನು ಮುಂದೆ ಕಡಿಯಬಾರದು. ಅದು ಈಗ ಅರಣ್ಯ," ಎಂದರು. ಮೌಲಾಸಾಬ ತಮಾಷೆಯ ಮಾತಿಗೆ ಇಂಥ ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ. ನಿಂತೇ ಇದ್ದ. ಪಕ್ಕದವರು ಅವನ ಅಂಗಿ ಎಳೆದು ಕೂರಿಸಿದರು.

ಆಗ ದ್ಯಾಮವ್ವ ಕೇಳಿದಳು. "ಆ ಅರಿಷಿಣ ಬಡದಾರಲ್ಲ ಮ್ಯಾಲ, ಅದೇನ್ರಿ?"

"ಅದು ಬಂಜರು ಭೂಮಿ ತಾಯಿ. ಅಲ್ಲಿ ಯಂತ್ರದಿಂದ ಗುಂಡಿ ತೋಡಿ ಸಸಿ ನೆಡುತ್ತೇವೆ."

"ಅಲ್ಲೇ ನಮ್ಮ ಕುರಿ ಮೇಯತಾವ್ರಿ. ಬಂಜರ ಆಗಿದ್ರ ಅವು ಏನ ತಿಂದು ಬದಕ್ಯಾವು? ಬರ್ರಿ, ಇಲ್ಲೇ ಐತಿ. ಒಮ್ಮೆ ನೋಡ್ರಿ."

ಹೊಸ ಅಧಿಕಾರಿ ಪೆನ್ನು ನಿಲ್ಲಿಸಿ, "ಹೋಗಿ ನೋಡೋಣಲ್ಲ ಸರ್," ಎಂದರು. ಫೋಟೋದವನಿಗೂ ಕಾಡಿನ ನಡುವೆ ನಿಂತ ವಿಜ್ಞಾನಿಯ ಚಿತ್ರ ಬೇಕಾಗಿತ್ತು. ಇಬ್ಬರೂ ಒತ್ತಾಯಿಸಿದಾಗ ಗೈಡ್ ಇಲ್ಲ ಅನ್ನಲಾಗಲಿಲ್ಲ. ಜೀಪು ಹಳ್ಳದ ತನಕ ಹೋಯಿತು; ದ್ಯಾಮವ್ವ, ಮೌಲಾಸಾಬ ಹಿಂದೆ ನಡೆದು ಬಂದರು. ಅಲ್ಲಿಂದ ಗುಡ್ಡ ಹತ್ತಬೇಕಾದರೆ ಜಾಲಿಯೊಳಗಿನ ಕುರಿಗಳ ದಾರಿಯಲ್ಲೇ ಹೋಗಬೇಕು. ಅವರು ಇಪ್ಪತ್ತು ಹೆಜ್ಜೆ ಹಾಕಿರಬಹುದು. ಒಂದು ಕೊಂಬೆಯನ್ನು ಕೈಯಲ್ಲಿ ಸರಿಸಿ ಫೋಟೋಗೆ ಮುಖ ಕೊಟ್ಟರು. ಒಂದು ಕಾಲು ಮುಂದಿಟ್ಟರು.

"ಯವ್ವಾ! ಸತ್ನೆಲ್ಲೋ!"

ಎಷ್ಟೋ ವರ್ಷಗಳ ಪುಸ್ತಕದ ಕನ್ನಡ ಒಂದೇ ಮುಳ್ಳಿಗೆ ಹಾರಿಹೋಗಿತ್ತು. ಮುಳ್ಳು ಹೊಸ ಬೂಟಿನ ತಳ ತೂರಿ ಅಂಗಾಲಿಗೆ ಇಳಿದಿತ್ತು. ಮೌಲಾಸಾಬ ಕೆಳಗೆ ಕೂತು, ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡು ಬೆರಳಿನಿಂದ ಹದವಾಗಿ ಎಳೆದು ತೆಗೆದ. ಸ್ವಲ್ಪ ಮೊದಲು ತನ್ನ ಅನ್ನ ಕಿತ್ತುಕೊಂಡವರ ಕಾಲು ಅದು ಎಂಬುದು ಅವನ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. "ಅರಿಷಿಣ ಹಚ್ಚ್ರಿ ಸಾಹೇಬ್ರ, ಬಾವು ಬರತೈತಿ," ಎಂದ. ಗೈಡ್ ಕುಂಟುತ್ತ ಜೀಪಿನ ಕಡೆ ಮರಳಿದರು. "ಮೇಲಕ್ಕೆ ಹೋಗುವುದು ಬೇಡ. ಚಿತ್ರದಲ್ಲಿ ಎಲ್ಲ ಸ್ಪಷ್ಟವಾಗಿದೆ," ಎಂದರು ಅಧಿಕಾರಿಗೆ.

ಅಧಿಕಾರಿ ಗುಡ್ಡದ ಕಡೆ ನೋಡಿದರು. ದ್ಯಾಮವ್ವ ನನ್ನ ಕಡೆ ತಿರುಗಿದಳು.

"ನೀನರ ಹೇಳವಾ. ಎರಡ ತಿಂಗಳ ನನ್ನ ಕೂಡ ತಿರಗೀದಿ. ಅದು ಬಂಜರ ಏನ?"

ಅಧಿಕಾರಿ ನಿಜವಾಗಿಯೂ ಕಾಯುತ್ತಿದ್ದರು. ಪೆನ್ನು ತೆರೆದೇ ಇತ್ತು. ಬಂಜರಲ್ಲ ಎಂದು ನಾನು ಹೇಳಿದ್ದರೆ ಅವರು ಬರೆದುಕೊಳ್ಳುತ್ತಿದ್ದರು ಎಂದು ಈಗಲೂ ನಂಬಿದ್ದೇನೆ. ಗೈಡ್ ಒಂಟಿ ಕಾಲಲ್ಲಿ ಜೀಪಿನ ಬಾಗಿಲು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು.

"ತಾಂತ್ರಿಕವಾಗಿ ಅದು ಬಂಜರು ಭೂಮಿಯ ವರ್ಗಕ್ಕೇ ಸೇರುತ್ತದೆ," ಎಂದೆ.

ಹಾಗೇ, ಅದೇ ಪುಸ್ತಕದ ಕನ್ನಡದಲ್ಲಿ. ಅಷ್ಟು ದಿನ ಅವಳ ಜೊತೆ ನಮ್ಮ ಮಾತಿನಲ್ಲೇ ಮಾತಾಡಿ, ಅವಳ ಸಜ್ಜಿ ರೊಟ್ಟಿ ತಿಂದು, ಆ ಒಂದು ವಾಕ್ಯಕ್ಕೆ ಮಾತ್ರ ನನಗೆ ಬೇರೆ ನಾಲಿಗೆ ಬಂತು. ಅಧಿಕಾರಿ ಬರೆದುಕೊಂಡರು. ದ್ಯಾಮವ್ವನಿಗೆ ಆ ಮಾತು ಪೂರ್ತಿ ತಿಳಿಯಿತೋ ಇಲ್ಲವೋ, ನಾನು ಯಾವ ಕಡೆಯವಳು ಎಂಬುದು ತಿಳಿಯಿತು. ಕೋಲು ಎತ್ತಿಕೊಂಡು ಕುರಿಗಳ ಕಡೆ ಹೋದಳು.

ದೀಪಾವಳಿಯಾದ ಮೇಲೆ ಯಂತ್ರಗಳು ಗುಡ್ಡ ಹತ್ತಿದವು. ಸಾಲಾಗಿ ಗುಂಡಿ ತೋಡಿದವು, ಹುಲ್ಲಿನ ಬೇರು ಮಗುಚಿ ಬಿಸಿಲಿಗೆ ಬಿದ್ದವು. ನೆಟ್ಟ ಸಸಿಗಳಿಗೆ ಸುತ್ತ ತಂತಿ ಹಾಕಿದರು, ಕುರಿ ಬಿಡಬಾರದು ಎಂದು ಬರೆದು ನಿಲ್ಲಿಸಿದರು. ಬೇಸಿಗೆಯ ಹೊತ್ತಿಗೆ ಸಸಿಗಳು ಕಡ್ಡಿಯಾಗಿದ್ದವು. ಮುಂದಿನ ಮುಂಗಾರಿಗೆ ಆ ಗುಂಡಿಗಳಲ್ಲಿ ನೀರು ನಿಂತು, ಹದವಾದ ಸಡಿಲ ಮಣ್ಣಿನಲ್ಲಿ ಚಂದಾಗಿ ಚಿಗುರಿದ್ದು ಜಾಲಿ. ಕುರಿ ತಿನ್ನಬಾರದೆಂದು ತಂತಿಯ ಕಾವಲು ಬೇರೆ. ಆಮೇಲಿನ ಚಿತ್ರ ತೆಗೆದು ನೋಡಿದರೆ ಹಳದಿ ಎಲ್ಲಿಯೂ ಇರಲಿಲ್ಲ; ಗೈಡ್ ಅದನ್ನು ಒಂದು ವಿಚಾರಸಂಕಿರಣದಲ್ಲಿ ಯಶಸ್ಸು ಎಂದು ತೋರಿಸಿ ಶಾಲು ಹೊದಿಸಿಕೊಂಡರು. ಈಗ ಅದನ್ನೇ ಕೀಳಿಸುತ್ತಿದ್ದಾರೆ. ಆಗಲೂ ತಜ್ಞರು, ಈಗಲೂ ತಜ್ಞರು. ಅಂಥವರಿಗೆ ಕೆಲಸ ಯಾವತ್ತೂ ಮುಗಿಯುವುದಿಲ್ಲ.

ಮೌಲಾಸಾಬನನ್ನು ಅರಣ್ಯದವರು ಕೊಡಲಿಸಮೇತ ಎರಡು ಸಲ ಹಿಡಿದು ಎಚ್ಚರಿಸಿ ಬಿಟ್ಟರು. ಮೂರನೆಯ ಸಲಕ್ಕೆ ಕಾಯದೆ ಅವನು ಇಳಕಲ್ಲಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಸೇರಿದ. ದ್ಯಾಮವ್ವ ಅರ್ಧ ಕುರಿಗಳನ್ನು ಮಾರಿದಳೆಂದು ಯಾರೋ ಹೇಳಿದರು.

ಪ್ರಬಂಧ ಒಪ್ಪಿಸುವ ಮೊದಲು ನಾನು ಒಮ್ಮೆ ಗುಡೂರಿಗೆ ಹೋದೆ. ಯಾಕೆ ಹೋದೆ ಎಂದರೆ ಕ್ಷಮೆ ಕೇಳಲು ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಏನೂ ಆಗಿಲ್ಲ ಅನ್ನಲಿ, ಮನಸ್ಸು ಹಗುರಾಗಲಿ ಎಂದು ಹೋದದ್ದು. ಸಂಜೆ ನಾಲ್ಕರ ಹೊತ್ತು. ಹಟ್ಟಿಯ ಮುಂದೆ ಕೂತು ದ್ಯಾಮವ್ವ ಒಂದು ಮರಿಯ ಗೊರಸಿನೊಳಗಿಂದ ಮುಳ್ಳು ತೆಗೆಯುತ್ತಿದ್ದಳು. ನನ್ನನ್ನು ಒಮ್ಮೆ ನೋಡಿ ಮತ್ತೆ ಗೊರಸಿಗೆ ಬಾಗಿದಳು. ಒಳಗಿನಿಂದ ಸೊಸೆ ಮಜ್ಜಿಗೆ ತಂದುಕೊಟ್ಟಳು.

ನಾನು ಬ್ಯಾಗಿನಿಂದ ಹಾಳೆಗಳನ್ನು ತೆಗೆದೆ. "ದ್ಯಾಮವ್ವಾ, ಪುಸ್ತಕ ಮುಗದೈತಿ. ಇದರಾಗ ನಿನ್ನ ಹೆಸರು ಬರದೇನಿ ನೋಡು. ಮೊದಲನೇ ಹಾಳ್ಯಾಗ. ಮೌಲಾಸಾಬಂದೂ ಬರದೇನಿ."

"ಏನಂತ ಬರದೀ?"

"ಇವರಿಬ್ಬರೂ ನನಗ ಗುಡ್ಡ ತೋರಿಸಿದ್ರು, ಇವರಿಂದ ಕಲತೆ ಅಂತ."

ಅವಳು ಮರಿಯ ಕಾಲು ಬಿಟ್ಟಳು. ಅದು ಕುಂಟುತ್ತ ತಾಯಿಯ ಕಡೆ ಓಡಿತು. ಅವಳು ನನ್ನ ಕೈಯಲ್ಲಿದ್ದ ಹಾಳೆಯನ್ನು ಮುಟ್ಟಲೂ ಇಲ್ಲ.

"ಅಳಿಸಿಬಿಡು."

"ಯಾಕ ದ್ಯಾಮವ್ವಾ?"

"ನಾಳಿ ಯಾರರ ಓದಿದ್ರ, ಈಕಿನ ಬಂಜರ ಅಂತ ಹೇಳಿಕೊಟ್ಟಾಳ ಅನ್ನೂದಿಲ್ಲ? ನಾ ನಿನಗ ಹಂಗ ಕಲಿಸಿಲ್ಲವಾ. ಮೌಲಾಸಾಬಂದೂ ಅಳಿಸು. ಅಂವಾ ಇಲ್ಲೇ ಇದ್ದಿದ್ರ ಅಂವನೂ ಇದನ್ನ ಹೇಳತಿದ್ದ."

ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಮಾಡುವಷ್ಟೂ ನಾನು ಅವಳಿಗೆ ಉಳಿದಿರಲಿಲ್ಲ. "ಮಜ್ಜಿಗಿ ಕುಡಿ, ಬಸ್ಸ ಬರೂ ಹೊತ್ತಾತು," ಎಂದು ಎದ್ದು ಒಳಗೆ ಹೋದಳು.

ಮರುದಿನ ವಿದ್ಯಾಗಿರಿಯ ಟೈಪಿಂಗ್ ಅಂಗಡಿಯಲ್ಲಿ ಆ ಪುಟ ತೆರೆಸಿದೆ.

"ಎರಡೂ ಹೆಸರು ತಗೀಲೇನ್ರಿ ಅಕ್ಕಾರ?" ಎಂದು ಟೈಪ್ ಮಾಡುವವರು ಕೇಳಿದರು.

"ಎರಡೂ ತಗೀರಿ."

ಕೃತಜ್ಞತೆಯ ಪುಟದಲ್ಲಿ ಗೈಡ್ ಬಗ್ಗೆ ಬರೆದ ಪ್ಯಾರಾ ಒಂದೇ ಉಳಿಯಿತು. ಅವರಿಲ್ಲದಿದ್ದರೆ ಈ ಪ್ರಬಂಧ ಹೀಗೆ ರೂಪುಗೊಳ್ಳುತ್ತಿರಲಿಲ್ಲ ಎಂದಿತ್ತು ಅದರಲ್ಲಿ. ಇಡೀ ಪುಸ್ತಕದಲ್ಲಿ ಸುಳ್ಳಲ್ಲದ ಸಾಲು ಅದೊಂದೇ ಎಂದು ಆಗಲೇ ಅನಿಸಿತ್ತು. ಕೆಳಗೆ ಸಹಿ ಹಾಕಿ ಬೈಂಡಿಂಗಿಗೆ ಕೊಟ್ಟೆ.